ಲಿಬ್ರಾದಾಳ ಎಲೆ, ಎವುತಿಮಿಯೋನ ಮೂಗು

ನಮ್ಮೂರು ತ್ಲಾಕೊಲುಲದ ಭಾನುವಾರದ ಸಂತೆಯಲ್ಲಿ ನಮ್ಮ ಬೀದಿಯ ಲಿಬ್ರಾದಾ ಬೆಣ್ಣೆಹಣ್ಣಿನ ಮರದ ಒಣ ಎಲೆ ಮಾರುತ್ತಿದ್ದಳು. ಕಾವಲಿಯ ಮೇಲೆ ಬಾಡಿಸಿ, ಬೇಯಿಸಿದ ಕರಿಕಾಳಿನ ಜೊತೆ ಅರೆದರೆ ಸೋಂಪಿನಂಥ ಪರಿಮಳ ಬರುವ ಎಲೆ ಅದು. ಅದಿಲ್ಲದ ಕಾಳು ನಮ್ಮಲ್ಲಿ ಯಾರ ಗಂಟಲಲ್ಲೂ ಇಳಿಯುವುದಿಲ್ಲ. ಆದರೆ ಪರಿಮಳವಿರುವುದು ನಾಟಿ ಮರದ ಎಲೆಗೆ ಮಾತ್ರ. ದಪ್ಪ ಹಣ್ಣು ಬಿಡುವ ಕಸಿಮರದ್ದು ಬರೀ ಸೊಪ್ಪು. ಬೆಟ್ಟದವರು ಎರಡನ್ನೂ ಬೆರೆಸಿ ಮೂಟೆ ಕಟ್ಟಿ ತರುತ್ತಿದ್ದರು. ಲಿಬ್ರಾದಾ ಎಲೆಯ ತುದಿ ಮುರಿದು, ಮೂಸಿ, ಒಳ್ಳೆಯದನ್ನು ಆರಿಸುತ್ತಿದ್ದಳು.

ಗಂಡ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಒಂದು ಚಳಿಗಾಲ ಅವಳಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ವಾಸನೆಯನ್ನೂ ಹೊತ್ತೊಯ್ದಿತು. ಊಟ ಮಣ್ಣು ತಿಂದಂತಾಯಿತು. ಯಾರಿಗೂ ಹೇಳಲಿಲ್ಲ. ಮೊದಲಿನಂತೆಯೇ ಎಲೆ ಮುರಿದು ಮೂಸಿ, ತಲೆಯಾಡಿಸುತ್ತಾ ಕಟ್ಟು ಕಟ್ಟಿದಳು.

ಮೆಸ್ಕಾಲ್ ಎಂಬ ಕತ್ತಾಳೆ ಸಾರಾಯಿ ಬಟ್ಟಿ ಇಳಿಸುವ ವಿಧುರ ಎವುತಿಮಿಯೋ ಒಂದು ಭಾನುವಾರ ಬಂದು ಎದುರಿಗೆ ನಿಂತು, ದೋನ್ಯಾ ಎಂದು ಮರ್ಯಾದೆಯಿಂದಲೇ ಕರೆದು ಮಾತು ತೆಗೆದ.

"ದೋನ್ಯಾ, ಹೋದ ವಾರ ಕೊಟ್ಟ ಕಟ್ಟಲ್ಲಿ ಅರ್ಧ ಬರೀ ಹುಲ್ಲು."

"ನಿಮ್ಮ ಮೂಗೇ ಬಟ್ಟಿ ಹಬೆಗೆ ಬೆಂದು ಹೋಗಿದೆ. ತೊಳ್ಕೊಂಡು ಬನ್ನಿ, ಹೋಗಿ!"

ಅವನು ಸಿಟ್ಟಾಗಲಿಲ್ಲ. ಕುಕ್ಕರಗಾಲಲ್ಲಿ ಕೂತು ರಾಶಿಗೆ ಕೈಹಾಕಿದ. "ಇದು ಸರಿ. ಇದು ಹುಲ್ಲು. ಇದೂ ಹುಲ್ಲೇ."

ಜನ ತಿರುಗಿ ನೋಡತೊಡಗಿದರು. ಲಿಬ್ರಾದಾ ಶಾಲು ಬಾಯಿಗೆ ಅಡ್ಡ ಹಿಡಿದಳು. "ಮೆಲ್ಲಗೆ ಮಾತಾಡಿ ಮಾರಾಯ್ರೇ. ಜ್ವರ ಬಂದಾಗಿಂದ ನಂಗೆ ವಾಸನೆನೇ ಬರ್ತಿಲ್ಲ."

ಅವನು ಅಯ್ಯೋ ಎನ್ನಲಿಲ್ಲ. ಟೋಪಿ ತೆಗೆದಿಟ್ಟು, ರಾಶಿಯನ್ನೆಲ್ಲ ಮೂಸಿ ಬೇರ್ಪಡಿಸಿಯೇ ಎದ್ದ. ಮುಂದಿನ ಭಾನುವಾರ ಸಂತೆ ಕೂಡುವ ಮೊದಲೇ ಬಂದಿದ್ದ. ಅದರ ಮುಂದಿನ ವಾರವೂ.

ಪಕ್ಕದಲ್ಲಿ ಒಣಮೆಣಸಿನಕಾಯಿ ಮಾರುವ ಅವಳ ತಂಗಿ ತೊಮಾಸಾ ಬಿಡುತ್ತಾಳೆಯೇ? "ಅಕ್ಕಾ, ಎಲೆ ಆರಿಸೋಕೆ ಬಂದೋನು ನಿನ್ನೇ ಆರಿಸ್ಕೊಂಡು ಹೋಗೋ ಹಾಗಿದಾನಲ್ಲೇ!"

"ಬಾಯ್ಮುಚ್ಚೇ. ನಿನ್ನ ಮೆಣಸಿನಕಾಯಿ ನೋಡ್ಕೋ."

ಮಳೆಗಾಲ ಶುರುವಾಗುವ ಹೊತ್ತಿಗೆ ಎವುತಿಮಿಯೋ ಗಂಟಲು ಸರಿಮಾಡಿಕೊಂಡು ಹೇಳಿದ: "ವಾರಕ್ಕೊಂದ್ಸಲ ಬಂದ್ರೆ ಈ ಕೆಲಸ ಮುಗಿಯೋದಲ್ಲ ದೋನ್ಯಾ. ದಿನಾ ಬರೋಣ ಅಂದ್ರೆ ನನ್ನ ಕತ್ತೆ ಒಪ್ತಿಲ್ಲ."

ಲಿಬ್ರಾದಾ ತಲೆ ಎತ್ತದೆ ಎಲೆಯ ಕಟ್ಟಿಗೆ ದಾರ ಸುತ್ತಿದಳು. "ಹಾಗಾದ್ರೆ ಕತ್ತೆನೂ ನಮ್ಮನೆ ಅಂಗಳದಲ್ಲೇ ಕಟ್ಟಿ."

ಮದುವೆಗೆ ಕರಿಕಾಳಿನ ತಮಾಲೆಯನ್ನು, ಅಂದರೆ ನಮ್ಮ ಜೋಳದ ಕಡುಬನ್ನು, ಅವಳೇ ಮಾಡಿದಳು. ಒಂದು ತುತ್ತು ಬಾಯಿಗಿಟ್ಟು, ತಟ್ಟೆಯನ್ನು ಎವುತಿಮಿಯೋನತ್ತ ಸರಿಸಿದಳು. ಕಣ್ಣು ತುಂಬಿತ್ತು.

"ಹೇಗಿದೆ, ಹೇಳಿ."

"ಮೊದಲ ಮಳೆ ಬಿದ್ದ ಬೆಟ್ಟದ ದಾರೀಲಿ ಯಾರೋ ಸೋಂಪು ಚೆಲ್ಲಿದ ಹಾಗೆ..."

"ಕವಿತೆ ಬೇಡ. ಎಲೆ ಸರಿಯಾಗಿದ್ಯಾ ಇಲ್ವಾ?"

"ಸರಿಯಾಗಿದೆ ಕಣೇ."

ಅವಳು ನಕ್ಕು, ಕಣ್ಣೊರೆಸಿಕೊಂಡು, ಇನ್ನೆರಡು ತಮಾಲೆ ತಿಂದಳು.

ಆಮೇಲೆ ಅವಳು ಮುಚ್ಚಿಡಲಿಲ್ಲ. "ಕೈ ನಂದು, ಮೂಗು ಇವರದು" ಎಂದು ಸಂತೆಯಲ್ಲೇ ಹೇಳಿಕೊಂಡಳು. ಮೂಗನ್ನು ನೋಡಲೆಂದೇ ಬಂದವರೂ ಒಂದು ಕಟ್ಟು ಕೊಂಡು ಹೋದರು. ವಾಸನೆ ಮಾತ್ರ ತಿರುಗಿ ಬರಲೇ ಇಲ್ಲ. ಅದಕ್ಕಾಗಿ ಈಗ ಅವಳು ಕಾಯುವುದೂ ಇಲ್ಲ.

ಎವುತಿಮಿಯೋಗೆ ನೆಗಡಿಯಾದ ವಾರ ಅವರ ಅಂಗಡಿ ಇರುವುದಿಲ್ಲ. ಇಬ್ಬರೂ ಅಂಗಳದ ಬಿಸಿಲಲ್ಲಿ ಕೂತು, ಬಿಸಿ ಚಾಕೊಲೇಟಿಗೆ ಬ್ರೆಡ್ ಅದ್ದಿ ತಿನ್ನುತ್ತಾ, ಹೋಗಿಬರುವವರನ್ನೆಲ್ಲ ಕರೆದು ಮಾತಾಡಿಸುತ್ತಾರೆ.