ಸಂಗಣ್ಣನ ಜೇಬಿನ ಬೆಲ್ಲ

ಮಹಾನಂದಾಳಿಗೆ ಹಾವಿನ ಹೆದರಿಕೆಯಿರಲಿಲ್ಲ, ಕತ್ತಲೆಯ ಹೆದರಿಕೆಯಿರಲಿಲ್ಲ. ಬಾಗಲಗುಂಟೆಯ ಬೀದಿನಾಯಿಗಳಂತೂ ಅವಳನ್ನು ಕಂಡರೆ ತಾವೇ ಪಕ್ಕಕ್ಕೆ ಸರಿಯುತ್ತಿದ್ದವು. ಅವಳು ಹೆದರುತ್ತಿದ್ದದ್ದು ಸಕ್ಕರೆಗೆ. ಅದೂ ಸುಮ್ಮಸುಮ್ಮನೆ ಬಂದ ಹೆದರಿಕೆಯಲ್ಲ. ಅವಳಪ್ಪ ಭೀಮಪ್ಪನಿಗೆ ಸಕ್ಕರೆ ಕಾಯಿಲೆಯಿತ್ತು. ಕುಷ್ಟಗಿ ಹತ್ತಿರದ ಊರಿನಲ್ಲಿ ಮುಳ್ಳು ಚುಚ್ಚಿದ ಕಾಲಿನ ಹೆಬ್ಬೆರಳು ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು, ಕೊನೆಗೆ ಮೊಣಕಾಲ ತನಕ ಕಾಲನ್ನೇ ತೆಗೆದರು. ಆ ಗಾಯಕ್ಕೆ ದಿನಾ ಬಟ್ಟೆ ಕಟ್ಟುತ್ತಿದ್ದವಳು ಆಗಿನ್ನೂ ಮದುವೆಯಾಗದ ಮಹಾನಂದಾ. ಆ ವಾಸನೆ ಅವಳ ಮೂಗಿನಿಂದ ಇವತ್ತಿಗೂ ಹೋಗಿಲ್ಲ.

ಹೀಗಿರುವಾಗ ಗಂಡ ಸಂಗಣ್ಣನಿಗೂ ಅದೇ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನ ಅವಳ ಗತಿ ಏನಾಗಿರಬೇಡ. ಸಂಗಣ್ಣ ಪೀಣ್ಯದ ಒಂದು ಶೆಡ್ಡಿನಲ್ಲಿ ಪ್ರೆಸ್ ಮಷಿನ್ ನಡೆಸುವವನು. ಮಷಿನ್ನಿನ ಬಾಯಿಗೆ ತಗಡು ಇಟ್ಟು ಗುಂಡಿ ಒತ್ತಿದರೆ ಮೇಲಿನಿಂದ ಅಚ್ಚು ಧಡ್ಡನೆ ಬಿದ್ದು ತಗಡು ಬಟ್ಟಲಾಗುತ್ತದೆ. ದಿನವಿಡೀ ಅದೇ ಕೆಲಸ. ಆಳು ದೊಡ್ಡ ದೇಹದವನು, ಮಾತು ಮೆತ್ತಗೆ. ಡಾಕ್ಟರ ಮಾತಿಗೆಲ್ಲ ತಲೆಯಾಡಿಸಿ ಹೊರಗೆ ಬಂದ. ಹೆಂಡತಿ ಮಾತ್ರ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನನ್ನು ಕೂರಿಸಿ, ಚಪ್ಪಲಿ ಬಿಚ್ಚಿಸಿ, ಎರಡೂ ಪಾದಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಮಂದಿ ನೋಡಾಕತ್ತಾರ," ಎಂದ ಸಂಗಣ್ಣ.

"ನೋಡಲಿ," ಎಂದಳು.

ಡಾಕ್ಟರು ಹೇಳಿದ್ದು ಇಷ್ಟು. ದಿನಾ ಬೆಳಿಗ್ಗೆ ಮಾತ್ರೆ ತಗೊಳ್ಳಿ, ಊಟ ಬದಲಾಯಿಸಿ, ನಡೆಯಿರಿ, ಒಂದು ತಿಂಗಳು ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ ತೋರಿಸಿ, ಮಾತ್ರೆ ಹೆಚ್ಚು ಕಡಿಮೆ ಮಾಡೋಣ. ಮೊದಲಿನ ಮೂರು ಮಾತು ಮಹಾನಂದಾಳ ತಲೆಯಲ್ಲಿ ಕಲ್ಲಿನ ಮೇಲೆ ಕೆತ್ತಿದ ಹಾಗೆ ನಿಂತವು. ನಾಲ್ಕನೆಯದು ಕಿವಿಗೆ ಬಿದ್ದರೂ ಬೀಳದಂತಾಯಿತು.

ಅಡುಗೆಯಂತೂ ಅವಳ ಕೈಯಲ್ಲೇ ಇತ್ತು. ಊರ ಕಡೆಯಿಂದ ಬಂದು ರೂಮು ಮಾಡಿಕೊಂಡಿದ್ದ ಹುಡುಗರಿಗೆಲ್ಲ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದವಳು ಅವಳು. ಪೀಣ್ಯದ ಅರ್ಧ ಶೆಡ್ಡುಗಳಲ್ಲಿ ಅವಳು "ರೊಟ್ಟಿ ಅಕ್ಕ". ಅವತ್ತು ಸಂಜೆಯೇ ಸಕ್ಕರೆ ಡಬ್ಬಿ ಮನೆ ಓನರ್ ಕಮಲಮ್ಮನ ಮನೆಗೆ ಹೋಯಿತು. ಬೆಲ್ಲವೂ ಅದರ ಹಿಂದೆ ನಡೆಯಿತು. ಬಿಳಿ ಅನ್ನ ಹೋಗಿ ನವಣೆ ಅನ್ನ ಬಂತು. ಬೆಳಿಗ್ಗೆ ಎದ್ದ ಕೂಡಲೆ ಮೆಂತ್ಯ ನೆನೆಸಿದ ನೀರು, ಮೇಲೆ ಒಂದು ಲೋಟ ಹಾಗಲಕಾಯಿ ರಸ. ಬಸ್ಸು ಬಂದ್ ಆಯಿತು, ಶೆಡ್ಡಿಗೆ ಹೋಗಿಬರುವುದು ನಡೆದೇ. ಗಂಡ ತಿನ್ನಬಾರದ್ದನ್ನು ತಾನು ತಿಂದರೆ ಸರಿಯೇ ಎಂದು ಮಹಾನಂದಾಳೂ ಸಿಹಿ ಬಿಟ್ಟಳು. ಯುಗಾದಿಗೆ ಹೋಳಿಗೆ ಮಾಡಲಿಲ್ಲ.

"ನನಗೇನು ಎತ್ತು ಅಂತ ತಿಳದಿಯೇನ? ಬರೇ ಸೊಪ್ಪು ಹಾಕ್ತಿ," ಎಂದು ಸಂಗಣ್ಣ ಚೇಷ್ಟೆ ಮಾಡುತ್ತಿದ್ದ.

"ಎತ್ತಿಗೆ ನಾಕು ಕಾಲು ಇರ್ತಾವ. ನಿಮಗ ಇರೋವು ಎರಡ," ಎಂದು ಅವಳು ತಟ್ಟೆ ಸರಿಸುತ್ತಿದ್ದಳು. ಅದನ್ನು ಕೇಳಿ ಅವನು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಆ ಊಟ ಅವನಿಗೆ ಒಗ್ಗಿತು. ಹೊಟ್ಟೆ ಇಳಿಯಿತು. ಅಂಗಾಲಿನ ಉರಿ ನಿಂತಿತು. ಮೆಟ್ಟಿಲು ಹತ್ತುವಾಗ ಏದುಸಿರಿಲ್ಲ. ಆಗಲೇ ಹೋಗಿ ರಕ್ತ ತೋರಿಸಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಮಹಾನಂದಾ ಹೋಗಗೊಡಲಿಲ್ಲ. ಅಪ್ಪನ ರಕ್ತ ನೋಡಿದಾಗಲೆಲ್ಲ ಸಕ್ಕರೆ ಏರಿದೆ ಎಂದೇ ಹೇಳಿದ್ದರು, ಒಂದು ಸಲವೂ ಇಳಿದಿದೆ ಎಂದಿರಲಿಲ್ಲ. ನೋಡಿಸಿದರೆ ಏರಿರುತ್ತದೆ, ಏರಿದ್ದರೆ ಆಮೇಲೆ ಕಾಲಿನ ಮಾತು ಬರುತ್ತದೆ. ನೋಡಿಸದೇ ಇದ್ದರೆ ಕಾಲು ಇರುತ್ತದೆ. ಅವಳ ಲೆಕ್ಕ ಹಾಗಿತ್ತು ಪಾಪ.

ಆಷಾಢದ ಹೊತ್ತಿಗೆ ಹೊಸದೊಂದು ಶುರುವಾಯಿತು. ಸಂಗಣ್ಣ ಸಂಜೆ ಮನೆಗೆ ಬರುವಾಗ ಅಂಗಿ ತೊಯ್ದು ಮೈಗೆ ಅಂಟಿರುತ್ತಿತ್ತು. ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಯಾವತ್ತೂ ದನಿ ಎತ್ತದವನು ರೊಟ್ಟಿ ತಡವಾಯಿತೆಂದು ತಟ್ಟೆ ಕುಕ್ಕಿದ. ಮಹಾನಂದಾ ಅವನ ಕುತ್ತಿಗೆ ಮುಟ್ಟಿ ನೋಡಿದರೆ ಬೆವರು ತಣ್ಣಗಿತ್ತು. ಸಕ್ಕರೆ ಏರಿದೆ, ಇನ್ನೇನು. ಅವಳಿಗೆ ಗೊತ್ತಿದ್ದ ಸಕ್ಕರೆ ಏರುವುದೊಂದೇ. ಮೂರು ರೊಟ್ಟಿ ಎರಡಾಯಿತು, ಎರಡು ಒಂದೂವರೆಯಾಯಿತು.

ಕಷ್ಟ ಹೇಳಿಕೊಂಡಾಗ ಕಮಲಮ್ಮ ಒಂದು ಪೊಟ್ಟಣ ತಂದುಕೊಟ್ಟಳು. "ಮಧುನಾಶಿನಿ ಪುಡಿ ಕಣಮ್ಮ, ಸಕ್ಕರೆ ಇಳಿಸುತ್ತೆ. ಸೊಪ್ಪಿನ ಪುಡಿ ತಾನೆ, ಏನೂ ಆಗಲ್ಲ. ನಮ್ಮೆಜಮಾನ್ರು ಫ್ಯಾಕ್ಟ್ರಿಯಿಂದ ರಿಟೈರ್ ಆದಾಗಿಂದ ತಗೋತಿದಾರೆ, ಗುಂಡುಕಲ್ಲು ಥರ ಇದಾರೆ ನೋಡು," ಎಂದಳು. ಆಕೆಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಹಾನಂದಾ ಅದನ್ನು ಮಜ್ಜಿಗೆಗೆ ಕಲಸಿ ದಿನಾ ಬಾಟಲಿಯಲ್ಲಿ ಕಳಿಸತೊಡಗಿದಳು. ನಡುಕ ಕಡಿಮೆಯಾಗಲಿಲ್ಲ. ಆಗ ಅವಳು ಒಂದು ಚಮಚವನ್ನು ಎರಡು ಮಾಡಿದಳು.

ಶ್ರಾವಣ ಬಂತು. ಶ್ರಾವಣ ಸೋಮವಾರ ಸಂಗಣ್ಣನ ಮನೆತನದಲ್ಲಿ ಒಪ್ಪತ್ತು. ಸಂಜೆ ಪೂಜೆಯಾದ ಮೇಲೆ ಒಂದೇ ಊಟ, ಅಲ್ಲಿಯವರೆಗೆ ನೀರು ಮಜ್ಜಿಗೆ ಬಿಟ್ಟರೆ ಏನೂ ಇಲ್ಲ. ಹಿಂದೆಲ್ಲ ಈ ಒಪ್ಪತ್ತಿಗೆ ಮೂಗು ಮುರಿಯುತ್ತಿದ್ದ ಮಹಾನಂದಾಳಿಗೆ ಈ ಸಲ ದೇವರೇ ಕಣ್ಣು ಬಿಟ್ಟಂತಾಯಿತು. ಉಪವಾಸವಿದ್ದರೆ ಸಕ್ಕರೆ ಏರುವುದಾದರೂ ಎಲ್ಲಿಂದ?

"ಇವತ್ತು ಗುಳಿಗಿ ಬಿಡ್ಲೇನ? ಹೊಟ್ಟ್ಯಾಗ ಏನೂ ಇಲ್ಲ," ಎಂದ ಸಂಗಣ್ಣ.

"ಉಪಾಸಕ್ಕೂ ಗುಳಿಗಿಗೂ ಏನ್ ಸಂಬಂಧ? ನುಂಗ್ರಿ," ಎಂದಳು. ಅವನು ನುಂಗಿದ. ವಿಭೂತಿ ಹಚ್ಚಿಕೊಂಡು ನಡೆದುಕೊಂಡೇ ಹೊರಟ. ಹೋದ ಮೇಲೆ ನೋಡಿದರೆ ಮಜ್ಜಿಗೆ ಬಾಟಲಿ ಒಲೆಯ ಕಟ್ಟೆಯ ಮೇಲೆ ಹಾಗೇ ಕೂತಿತ್ತು.

ಮಧ್ಯಾಹ್ನದವರೆಗೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೊನೆಗೆ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು, ಬಾಟಲಿ ಸೆರಗಿನಲ್ಲಿ ಸುತ್ತಿಕೊಂಡು ಶೆಡ್ಡಿಗೆ ಹೊರಟಳು. ಗೇಟಿನವನು ಅವಳ ರೊಟ್ಟಿ ತಿನ್ನುವವನೇ, ಒಳಗೆ ಬಿಟ್ಟ. ಚಹಾದ ಹೊತ್ತು. ಎಲ್ಲರೂ ಗೋಡೆಗೊರಗಿ ಕೂತಿದ್ದರು. ಒಂದು ಮಷಿನ್ ಮಾತ್ರ ಧಡ್, ಧಡ್ ಎನ್ನುತ್ತಿತ್ತು. ಅದರ ಮುಂದೆ ಸಂಗಣ್ಣ. ಚಹಾ ಹೇಗೂ ಕುಡಿಯುವಂತಿಲ್ಲ, ಸುಮ್ಮನೆ ಯಾಕೆ ಕೂರಬೇಕೆಂದು ಕೆಲಸ ಹಿಡಿದಿದ್ದ.

ಅವನು ಕೆಲಸ ಮಾಡುವುದನ್ನು ಅವಳು ನೋಡಿದ್ದು ಅದೇ ಮೊದಲು. ಆ ಮಷಿನ್ನಿಗೆ ಎರಡು ಗುಂಡಿ. ಎರಡನ್ನೂ ಎರಡು ಕೈಯಲ್ಲಿ ಒತ್ತಿ ಹಿಡಿದರಷ್ಟೇ ಅಚ್ಚು ಬೀಳಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಮಷಿನ್ನಿನ ಬಾಯಲ್ಲಿ ಕೈ ಇರುವುದಿಲ್ಲ, ಅದಕ್ಕಾಗಿ ಆ ಏರ್ಪಾಟು. ಆದರೆ ಹಾಗೆ ಮಾಡುತ್ತ ಕೂತರೆ ಕೆಲಸ ಸಾಗುವುದಿಲ್ಲವೆಂದು ಅಲ್ಲಿದ್ದ ಎಲ್ಲರೂ ಎಡಗಡೆಯ ಗುಂಡಿಗೆ ಒಂದು ಮರದ ಚಕ್ಕೆ ಸಿಕ್ಕಿಸಿ ಅದನ್ನು ಒತ್ತಿದ ಹಾಗೇ ಇಟ್ಟುಬಿಡುತ್ತಿದ್ದರು. ಆಗ ಬಲಗೈ ಗುಂಡಿ ಒತ್ತುತ್ತದೆ, ಎಡಗೈ ತಗಡು ಇಟ್ಟು ತೆಗೆಯುತ್ತದೆ. ಸಂಗಣ್ಣನ ಎಡಗೈ ಅಚ್ಚಿನ ಕೆಳಗೆ ಹೋಗಿ ಬರುತ್ತಿತ್ತು. ಹೋಗುವಾಗ ನಡುಗುತ್ತಿತ್ತು, ಬರುವಾಗಲೂ ನಡುಗುತ್ತಿತ್ತು.

ಮಹಾನಂದಾ ಹತ್ತಿರ ಹೋದಳು. ಅವನ ಮುಖ ಬೂದಿ ಬಳಿದ ಹಾಗಿತ್ತು. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿದಿತ್ತು. ಅವನು ಅವಳ ಕಡೆ ತಿರುಗಿ ನೋಡಿದ. ನೋಡಿದನಷ್ಟೇ, ಗುರುತು ಹಿಡಿಯಲಿಲ್ಲ.

"ಯಾರವ್ವಾ ನೀ?" ಎಂದ, ನಾಲಿಗೆ ದಪ್ಪಗಾದವನ ಹಾಗೆ.

ಇಪ್ಪತ್ತು ವರ್ಷ ಜೊತೆಗೆ ಬಾಳಿದ ಗಂಡ ಹಾಗೆ ಕೇಳಿದರೆ ಎದೆ ಒಡೆದುಹೋಗುತ್ತದೆ. ಅವನ ಎಡಗೈ ಅಚ್ಚಿನ ಕೆಳಗೇ ಉಳಿದಿತ್ತು. ಅಲ್ಲಿ ಅದಿದೆಯೆಂಬುದೂ ಅವನಿಗೆ ಮರೆತಂತಿತ್ತು. ಬಲಗೈ ಮೆಲ್ಲಗೆ ಗುಂಡಿಯ ಮೇಲೆ ಬಂತು. ಮಹಾನಂದಾ ಅವನ ಎಡತೋಳನ್ನು ಎರಡೂ ಕೈಯಲ್ಲಿ ಹಿಡಿದು ಇದ್ದಬದ್ದ ಶಕ್ತಿಯನ್ನೆಲ್ಲಾ ಹಾಕಿ ಜಗ್ಗಿದಳು. ಇಬ್ಬರೂ ನೆಲಕ್ಕೆ ಬಿದ್ದರು. ಅಚ್ಚು ಧಡ್ಡನೆ ಬರಿಯ ತಗಡಿನ ಮೇಲೆ ಬಿತ್ತು.

ಪಕ್ಕದ ಮಷಿನ್ನಿನ ಯಮನೂರ ಚಹಾ ಲೋಟದೊಂದಿಗೇ ಓಡಿಬಂದ. "ಅಣ್ಣ ಉಪಾಸ ಅದಾನ್ರೀ ಅಕ್ಕಾ, ಅದಕ್ಕ ಹಿಂಗಾಗೇತಿ. ಒಂದು ಗುಟುಕು ಚಾ ಕುಡಿಸೂಣು," ಎಂದು ಲೋಟವನ್ನು ಸಂಗಣ್ಣನ ಬಾಯಿಗೆ ತಂದ. ಸಕ್ಕರೆ ಸುರಿದ ಚಹಾ. ಮಹಾನಂದಾ ಅವನ ಕೈಗೆ ಹೊಡೆದಳು. ಲೋಟ ಹಾರಿ ಮಷಿನ್ನಿಗೆ ಬಡಿದು ಚಹಾ ನೆಲದ ಪಾಲಾಯಿತು.

"ಸಕ್ರಿ ರೋಗ ಐತಿ ಅವರಿಗೆ, ಕೊಲ್ಲಬೇಕಂತೀಯೇನು?" ಎಂದಳು. ಸೆರಗಿನಿಂದ ಮಜ್ಜಿಗೆ ಬಾಟಲಿ ತೆಗೆದು ಗಂಡನ ತುಟಿಗೆ ಹಿಡಿದಳು. ಎರಡು ಚಮಚ ಪುಡಿ ಕಲಸಿದ ಮಜ್ಜಿಗೆ. ಸಂಗಣ್ಣ ಒಂದು ಗುಟುಕು ನುಂಗಿ, ಉಳಿದದ್ದನ್ನು ಅವಳ ಸೀರೆಯ ಮೇಲೇ ಉಗುಳಿದ. ಅವನು ಉಗುಳಿದನಲ್ಲಾ ಎಂದು ಅವಳು ಆಗ ಅತ್ತಳು. ಉಗುಳಿದ್ದೇ ಪುಣ್ಯ ಎಂದು ಆಮೇಲೆ ಅತ್ತಳು.

ಹುಡುಗರು ಅವನನ್ನು ಆಟೋದಲ್ಲಿ ಹಾಕಿಕೊಂಡು ಮೂಲೆಯ ಕ್ಲಿನಿಕ್ಕಿಗೆ ಒಯ್ದರು. ಅಲ್ಲಿನ ಡಾಕ್ಟರು ವೇಣಿ ಅನ್ನುವ ಹೆಂಗಸು, ಬೆರಳು ಚುಚ್ಚಿ ರಕ್ತ ನೋಡಿದವರೇ ನರ್ಸಿಗೆ ಗ್ಲೂಕೋಸ್ ತರಲು ಹೇಳಿದರು. ಮಹಾನಂದಾ ಅವರ ಕೈಗೆ ಅಡ್ಡ ನಿಂತಳು.

"ಸಕ್ರಿ ನೀರು ಹಾಕಬ್ಯಾಡ್ರಿ ಮೇಡಂ, ಕೈ ಮುಗೀತೀನಿ. ಮೊದಲ ಏರೇತಿ."

"ಏರಿಲ್ಲಮ್ಮ, ಇಳಿದುಹೋಗಿದೆ. ಇನ್ನೂ ಇಳಿದ್ರೆ ಪ್ರಾಣಕ್ಕೇ ಅಪಾಯ. ಸರೀರಿ," ಎಂದರು ಡಾಕ್ಟರು.

ಇಳಿದುಹೋಗಿದೆ. ಆ ಮಾತು ಅವಳ ತಲೆಯೊಳಗೆ ಇಳಿಯಲೇ ಇಲ್ಲ. ಸೂಜಿ ಕೈಯೊಳಗೆ ಹೋಗುವುದನ್ನು, ಸಿಹಿನೀರು ಗಂಡನ ನರದೊಳಗೆ ನಡೆಯುವುದನ್ನು ಜೀವ ಬಿಗಿಹಿಡಿದು ನೋಡಿದಳು. ತಾನು ನೋಡುತ್ತಿರುವಾಗಲೇ ಕೊಲ್ಲುತ್ತಿದ್ದಾರೆ ಅನ್ನಿಸಿತು. ಸ್ವಲ್ಪ ಹೊತ್ತಿಗೆಲ್ಲ ಸಂಗಣ್ಣನ ಮುಖಕ್ಕೆ ಬಣ್ಣ ಬಂತು. ಕಣ್ಣು ಅತ್ತಿತ್ತ ಹುಡುಕಿ ಅವಳ ಮೇಲೆ ನಿಂತಿತು.

"ನಂದಾ, ನೀ ಯಾಕ ಇಲ್ಲಿಗೆ ಬಂದಿ? ರೊಟ್ಟಿ ಯಾರು ಮಾಡಾಕತ್ತಾರ?" ಎಂದ.

ಡಾಕ್ಟರು ಕೇಳಿದ್ದಕ್ಕೆಲ್ಲ ಅವಳು ಒಂದೊಂದಾಗಿ ಹೇಳಿದಳು. ನವಣೆ, ಹಾಗಲಕಾಯಿ, ನಡಿಗೆ, ಒಂದೂವರೆ ರೊಟ್ಟಿ, ಪುಡಿ, ಒಪ್ಪತ್ತು, ಬರಿಹೊಟ್ಟೆಯ ಮಾತ್ರೆ. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು.

"ನಿಮ್ಮ ಊಟ ಕೆಲಸ ಮಾಡಿದೆ ಕಣಮ್ಮ, ಚೆನ್ನಾಗೇ ಮಾಡಿದೆ," ಎಂದರು ಡಾಕ್ಟರು. "ಅದಕ್ಕೇ ಹಳೇ ಮಾತ್ರೆ ಜಾಸ್ತಿ ಆಯ್ತು. ಆಗಲೇ ತೋರಿಸಿದ್ರೆ ಕಡಿಮೆ ಮಾಡ್ತಿದ್ರು. ಅದರ ಮೇಲೆ ಪುಡಿ, ಅದರ ಮೇಲೆ ಉಪವಾಸ. ಬೆವರು, ನಡುಕ, ಸಿಟ್ಟು ಎಲ್ಲ ಇಳಿದಾಗ ಬರೋದು. ಅವರು ಹಸಿದಿದ್ರು ಅಷ್ಟೇ."

ಅವರು ಹಸಿದಿದ್ದರು. ಮನುಷ್ಯ ತಟ್ಟೆ ಕುಕ್ಕಿದ್ದ, ಆದರೂ ಅವಳಿಗೆ ತಿಳಿದಿರಲಿಲ್ಲ. ಊರವರಿಗೆಲ್ಲ ರೊಟ್ಟಿ ಬಡಿಯುವ ಕೈ ಸ್ವಂತ ಗಂಡನನ್ನು ಹಸಿವಿಗೆ ನೂಕಿತ್ತು. ಸಂಜೆಯವರೆಗೂ ಕ್ಲಿನಿಕ್ಕಿನ ಬೆಂಚಿನ ಮೇಲೆ ಅವನ ಎಡಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದಳು.

ಈಗ ಮಾತ್ರೆ ಬದಲಾಗಿದೆ, ಪುಡಿ ಚರಂಡಿಗೆ ಹೋಗಿದೆ, ರೊಟ್ಟಿ ಮತ್ತೆ ಮೂರಾಗಿದೆ. ನವಣೆಯೂ ನಡಿಗೆಯೂ ಉಳಿದಿವೆ. ಸೋಮವಾರ ಅವನು ಪೂಜೆ ಮಾಡುತ್ತಾನೆ, ಒಪ್ಪತ್ತು ಮಾಡುವುದಿಲ್ಲ. ರಕ್ತ ಪರೀಕ್ಷೆಗೆ ಅವಳೇ ಮುಂದೆ ನಿಂತು ಕರೆದೊಯ್ಯುತ್ತಾಳೆ, ಬೆರಳು ಚುಚ್ಚುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಗುಣವಾಗಿ ಕೆಲಸಕ್ಕೆ ಹೋದ ಮೊದಲ ದಿನವೇ ಸಂಗಣ್ಣ ಆ ಮರದ ಚಕ್ಕೆಯನ್ನು ಕಿತ್ತು ತಂದು ಅವಳ ಕೈಗೆ ಕೊಟ್ಟ. ಕೆಲಸ ನಿಧಾನವಾಯಿತೆಂದು ಮೇಸ್ತ್ರಿ ಗೊಣಗಿದ. ಸಂಗಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಮಹಾನಂದಾ ಚಕ್ಕೆಯನ್ನು ಒಲೆಗೆ ಹಾಕಿದಳು.

ಬೆಲ್ಲವೊಂದು ಮನೆಗೆ ವಾಪಸು ಬಂದಿದೆ. ದಿನಾ ಬೆಳಿಗ್ಗೆ ಒಂದು ಚೂರು ಮುರಿದು, ಕಾಗದದಲ್ಲಿ ಸುತ್ತಿ, ಅವನ ಅಂಗಿಯ ಜೇಬಿಗೆ ಹಾಕುತ್ತಾಳೆ. ಕೈ ನಡುಗಿದರೆ ಮಷಿನ್ ನಿಲ್ಲಿಸಿ ತಿನ್ನಬೇಕೆಂದು ಡಾಕ್ಟರು ಹೇಳಿದ್ದಾರೆ. ಸಂಜೆ ಅವನು ಅಂಗಿ ಬಿಚ್ಚಿದ ಕೂಡಲೆ ಜೇಬು ತಡಕುತ್ತಾಳೆ. ಬೆಲ್ಲ ಸಿಕ್ಕಿದರೆ ಅವತ್ತಿಗೆ ನೆಮ್ಮದಿಯ ಉಸಿರು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಜೇಬಿನಲ್ಲಿ ಬರಿಯ ಕಾಗದ ಇತ್ತು. ಅವಳು ಅಂಗಿ ಕೈಯಲ್ಲಿ ಹಿಡಿದು ಬಚ್ಚಲಿಗೆ ಓಡಿದಳು. ಸಂಗಣ್ಣ ಬಗ್ಗಿ ಕೈ ತೊಳೆಯುತ್ತಿದ್ದ. ಎರಡೂ ಕೈ ಇದ್ದವು.

"ನಡುಗಿತು. ಗುಂಡಿ ಬಿಟ್ಟೆ, ಕೂತೆ, ತಿಂದೆ," ಎಂದ ಅವನು. ಆಮೇಲೆ ಅವಳ ಮುಖ ನೋಡಿ, "ಭಾಳ ಸಿಹಿ ಇತ್ತು ನೋಡು," ಎಂದು ನಕ್ಕ.

ಮಹಾನಂದಾ ಅಡುಗೆಮನೆಗೆ ಹೋಗಿ ನಾಳೆಯ ಚೂರನ್ನು ಆಗಲೇ ಮುರಿದಳು. ಬೆಲ್ಲ ಎರಡು ತುಂಡಾಯಿತು. ಒಂದನ್ನು ಕಾಗದದಲ್ಲಿ ಸುತ್ತಿಟ್ಟಳು. ಇನ್ನೊಂದನ್ನು, ಯುಗಾದಿಗೂ ಬಾಯಿಗೆ ಸಿಹಿ ಹಾಕದಿದ್ದವಳು, ಒಲೆಯ ಮುಂದೆ ಕೂತು ಅಳುತ್ತಲೇ ತಿಂದಳು.