ವ್ಯಾಪಾರಿಗೆ ವ್ಯಾಪಾರಿಯ ಗುರ್ತು ಮಾಡಿಸುವ ಸುಕನ್ಯಾ

ಬೆಳಗಿನ ಆರು ಗಂಟೆ. ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಗಳ ಶಟರ್ ಇನ್ನೂ ಮೇಲೆದ್ದಿಲ್ಲ. ಹೂವಿನವರು ಬುಟ್ಟಿ ಇಳಿಸುತ್ತಿದ್ದಾರೆ. ಪಕ್ಕದ ಖಾನಾವಳಿಯ ಮಹಡಿಯ ಮೇಲೆ ಸುಕನ್ಯಾ ಒಬ್ಬರೇ ಕುರ್ಚಿ ಎಳೆದಾಡುತ್ತಿದ್ದಾರೆ. ಸಾಲಾಗಿ ಅಲ್ಲ, ದುಂಡಗೆ. ಒಂದು ಕುರ್ಚಿ ಇಡುತ್ತಾರೆ, ನಿಂತು ಯೋಚಿಸುತ್ತಾರೆ, ಎತ್ತಿ ಮತ್ತೊಂದು ಕಡೆ ಇಡುತ್ತಾರೆ. ಬೀಗರ ಪಂಕ್ತಿಗೆ ಎಲೆ ಹಾಕುವವರು ಸಹ ಇಷ್ಟು ತಲೆ ಕೆಡಿಸಿಕೊಳ್ಳಲಿಕ್ಕಿಲ್ಲ.

"ಗೋಣಿಚೀಲದವರ ಬಾಜೂಕ ಬೆಲ್ಲದವರು ಕೂಡಬೇಕ್ರಿ. ಒಂದ ಊರಾಗ ಇದ್ದಾರ, ಒಬ್ರ ಮಾರಿ ಒಬ್ರು ನೋಡಿಲ್ಲ. ಚಹಾ ಕುಡಿಯೂದ್ರಾಗ ಮಾತ ಹುಟ್ಟತಾವ," ಎನ್ನುತ್ತಾರೆ.

ಇದೂ ಒಂದು ಉದ್ಯೋಗವೇ ಎಂದು ಕೇಳುವವರು ಊರಲ್ಲಿ ಇನ್ನೂ ಇದ್ದಾರೆ. ಹೌದು, ಉದ್ಯೋಗವೇ. ಹದಿನೈದು ದಿನಕ್ಕೊಮ್ಮೆ ಗುರುವಾರ ಬೆಳಗ್ಗೆ ಸಣ್ಣ ವ್ಯಾಪಾರಿಗಳು, ತಯಾರಕರು ಇಲ್ಲಿ ಸೇರುತ್ತಾರೆ. ಯಾರಿಗೆ ಏನು ಬೇಕು, ಅದು ಊರಲ್ಲಿ ಯಾರ ಹತ್ತಿರ ಇದೆ ಎಂದು ಪತ್ತೆ ಹಚ್ಚಿ ಇಬ್ಬರನ್ನೂ ಕೂಡಿಸುವುದು ಸುಕನ್ಯಾ ಅವರ ಕೆಲಸ. ಸಂಸ್ಥೆಯ ಹೆಸರು 'ಗುರ್ತು'. ಶುರುವಾಗಿ ಮೂರು ವರ್ಷ, ಅಂದರೆ 2003ರಿಂದ. ಕಚೇರಿ ಎಂದರೆ ಗೋಪನಕೊಪ್ಪದ ಮನೆಯ ಪಡಸಾಲೆ, ವಾಹನ ಎಂದರೆ ಒಂದು ಹಳೆಯ ಸ್ಕೂಟರ್. ದಿನಕ್ಕೆ ಐದಾರು ಅಂಗಡಿ ಸುತ್ತುತ್ತಾರೆ. ಎಲ್ಲ ಕಡೆಯೂ ಚಹಾ ಕುಡಿಯಲೇಬೇಕಾದ್ದರಿಂದ ಮನೆಯಲ್ಲಿ ಚಹಾ ಬಿಟ್ಟಿದ್ದಾರೆ.

ಇವರು ಮೊದಲು ಕಂಪ್ಯೂಟರ್ ಎಂಜಿನಿಯರ್. ತೊಂಬತ್ತರ ದಶಕದ ಆರಂಭದಲ್ಲಿ ಹುಬ್ಬಳ್ಳಿಯ ಅಂಗಡಿಗಳಿಗೆ ಬಿಲ್ ಹಾಕುವ ಪ್ರೋಗ್ರಾಂ ಬರೆದುಕೊಡುವ ಕಂಪನಿಯೊಂದಕ್ಕೆ ಸೇರಿದರು. ಹತ್ತು ವರ್ಷ ಅದೇ ಕೆಲಸ. ಪ್ರೋಗ್ರಾಂ ಹಾಕಲು ಹೋದವರು ಸುಮ್ಮನೆ ಹಾಕಿ ಬರುವ ಜಾಯಮಾನದವರಲ್ಲ. ಈ ಮಾಲು ಎಲ್ಲಿಂದ ಬಂತು, ಯಾರು ಕಟ್ಟಿದ್ದು, ಇಲ್ಲೇ ಏಕೆ ಸಿಗುವುದಿಲ್ಲ ಎಂದು ಕೆದಕಿ ಕೆದಕಿ ಕೇಳುವ ಚಟ. ಆ ಚಟವೇ ಅವರನ್ನು ಕೆಲಸ ಬಿಡಿಸಿತು ಎನ್ನಬೇಕು.

"ಒಂದ ದಿವ್ಸ ಪಾತ್ರಿ ಅಂಗಡ್ಯಾಗ ಕುಂತಿದ್ನಿ. ಅವರು ರಟ್ಟಿನ ಬಾಕ್ಸ್ ಪುಣೆಯಿಂದ ತರಸಾಕತ್ತಿದ್ರು. ಮರುದಿವ್ಸ ಇಲ್ಲೇ ಬಾಜೂಕಿನ ತಾರಿಹಾಳಕ್ಕ ಹೋದ್ರ ಅಲ್ಲೊಬ್ರು ಅದ ಬಾಕ್ಸ್ ಮಾಡಿ, ತೊಗೊಳ್ಳೋರಿಲ್ದ ಸುಮ್ನ ಕುಂತಾರ. ನನಗ ರಾತ್ರಿ ನಿದ್ದಿ ಹತ್ತಲಿಲ್ರಿ."

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರಲ್ಲ, ಅದೇ ಕಥೆ. ತಾರಿಹಾಳದ ಆ ಬಾಕ್ಸಿನವರ ಹೆಸರು ಹುಲಗಪ್ಪ. ಸುಕನ್ಯಾ ಕೆಲಸ ಬಿಟ್ಟಾಗ ಅವರ ಸಂಸ್ಥೆಗೆ ಮೊದಲು ಸೇರಿದವರಲ್ಲಿ ಅವರೂ ಒಬ್ಬರು.

ಮೊದಲ ಸಭೆ ಮಾತ್ರ ಹೊಳೆಯಲ್ಲಿ ಹುಣಸೆ ತೊಳೆದಂತಾಯಿತು. ದೊಡ್ಡ ಊರುಗಳಲ್ಲಿ ನಡೆಯುವಂತೆ, ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ವ್ಯಾಪಾರದ ಹೆಚ್ಚುಗಾರಿಕೆ ಹೇಳಬೇಕು ಎಂದು ಸುಕನ್ಯಾ ನಿಯಮ ಮಾಡಿದ್ದರು. ಮೊದಲು ಎದ್ದವರು ಹಗ್ಗದ ವ್ಯಾಪಾರಿ ಶಿದ್ದಪ್ಪ. ಮೂರು ತಲೆಮಾರಿನ ಅಂಗಡಿ, ಬಾವಿಯ ಮಿಣಿಯಿಂದ ಹಿಡಿದು ಲಾರಿಯ ಹಗ್ಗದವರೆಗೆ ಎಲ್ಲ ಸಿಗುತ್ತದೆ. ಅವರು ಕೈ ಮುಗಿದು, "ನಮ್ದು ಹಗ್ಗದ ಅಂಗಡಿರಿ. ನಿಮ್ಮ ಆಶೀರ್ವಾದದಿಂದ ನಡದೈತಿ," ಎಂದು ಕುಳಿತುಬಿಟ್ಟರು. ಎರಡನೆಯವರೂ ಅದನ್ನೇ ಹೇಳಿದರು. ಮೂರನೆಯವರೂ ಅಷ್ಟೇ. ಇಡೀ ಸಭೆಯ ವ್ಯಾಪಾರ ಒಬ್ಬರಿಗೊಬ್ಬರ ಆಶೀರ್ವಾದದಿಂದ ನಡೆದಿದೆ ಎಂಬುದನ್ನು ಬಿಟ್ಟರೆ ಯಾರಿಗೂ ಏನೂ ತಿಳಿಯಲಿಲ್ಲ. ಉಪ್ಪಿಟ್ಟು ಮಾತ್ರ ಚೆನ್ನಾಗಿತ್ತಂತೆ.

ಅಂದು ಮನೆಗೆ ಬಂದು ಮಾರಿ ಸಪ್ಪಗೆ ಮಾಡಿಕೊಂಡು ಕುಳಿತಾಗ, ರೊಟ್ಟಿ ಬಡಿಯುತ್ತಿದ್ದ ಅತ್ತೆ ಶಿವಲಿಂಗವ್ವ ಹೇಳಿದರಂತೆ: "ನನ್ನ ಮಗಳು ಭಾಳ ಚೆಲುವಿ ಅಂತ ಹೆಣ್ಣಿನ ಅಪ್ಪ ತಾನ ಹೇಳತಾನೇನ? ನೋಡಿ ಬಂದವ್ರು ಹೇಳಬೇಕವ್ವಾ."

ಸುಕನ್ಯಾ ನಿಯಮವನ್ನು ಅಂದೇ ತಿರುಗಿಸಿದರು. 'ಗುರ್ತು' ಸಭೆಯಲ್ಲಿ ಯಾರೂ ತಮ್ಮ ವ್ಯಾಪಾರದ ಬಗ್ಗೆ ಮಾತಾಡುವ ಹಾಗಿಲ್ಲ. ಇನ್ನೊಬ್ಬರದನ್ನೇ ಹೇಳಬೇಕು. ಅದೂ ಸುಮ್ಮನೆ ಅಲ್ಲ, ಅವರ ಅಂಗಡಿಗೋ ಕಾರ್ಖಾನೆಗೋ ಹೋಗಿ, ಕೆಲಸ ನೋಡಿ, ಚಹಾ ಕುಡಿದು ಬಂದಿರಬೇಕು. ತಮ್ಮ ಬಗ್ಗೆ ತುಟಿ ಬಿಚ್ಚದ ಮಂದಿ ಪಕ್ಕದವರ ಬಗ್ಗೆ ಹೇಳಲು ನಿಂತಾಗ ಅವರನ್ನು ಮತ್ತೆ ಕೂರಿಸುವುದೇ ಕಷ್ಟವಾಯಿತು. ಯಾರ ಬಗ್ಗೆಯೂ ಮಾತಾಡದವರೆಂದರೆ ಸುಕನ್ಯಾ ಒಬ್ಬರೇ. ತಾವು ಯಾರ ಪರವಾಗಿಯೂ ಮಾತಾಡುವುದಿಲ್ಲ ಎಂಬ ನಿಯಮ ಹಾಕಿಕೊಂಡಿದ್ದಾರೆ. "ನಾ ಒಬ್ಬರನ್ನ ಹೊಗಳಿದ್ರ ಉಳದವರು ಏನ್ ತಿಳಕೋಬೇಕ್ರಿ?" ಎಂಬುದು ಅವರ ಪ್ರಶ್ನೆ.

ಇಷ್ಟು ಚೆನ್ನಾಗಿ ನಡೆದ ಗಾಡಿಯ ಕೀಲು ಈ ಮಳೆಗಾಲದಲ್ಲಿ ಸಡಿಲಾಗಿದೆ. ಶಿದ್ದಪ್ಪ ಎದ್ದು ನಿಂತು ಹುಲಗಪ್ಪನವರ ಬಾಕ್ಸ್ ಬಹಳ ಗಟ್ಟಿ ಎಂದು ಹೇಳಿದ್ದರು. ಅದನ್ನು ನಂಬಿ ಉಪ್ಪಿನಕಾಯಿ ಮಾಡುವ ಸತ್ಯವ್ವ ಗಾಜಿನ ಬರಣಿಗಳನ್ನು ಅವುಗಳಲ್ಲಿ ತುಂಬಿ ಬೆಳಗಾವಿಗೆ ಕಳಿಸಿದರು. ತಳ ಕಿತ್ತು ಬರಣಿಗಳೆಲ್ಲ ಒಡೆದವು. ಶಿದ್ದಪ್ಪನವರಿಗೆ ತಲೆ ಎತ್ತಲಾಗದಂತಾಯಿತು. ಇನ್ನು ಮುಂದೆ ಯಾರ ಪರವಾಗಿಯೂ ಬಾಯಿ ಬಿಡುವುದಿಲ್ಲ ಎಂದುಬಿಟ್ಟರು. ಹಿರಿಯರೇ ಹಾಗೆಂದ ಮೇಲೆ ಉಳಿದವರೂ ಹಿಂದೆ ಸರಿದರು. ಕಳೆದ ಎರಡು ಸಭೆಗಳಲ್ಲಿ ಮಾತಾಡಲು ಒಬ್ಬರೂ ಏಳಲಿಲ್ಲ. ಸತ್ಯವ್ವ ಸಭೆಗೆ ಬರುವುದನ್ನೇ ಬಿಟ್ಟರು.

ಇದೇ ಹೊತ್ತಿಗೆ ಹಳೆಯ ಕಂಪನಿಯವರು ಮರಳಿ ಬರುತ್ತೀರಾ ಎಂದು ಕೇಳಿದ್ದಾರೆ. ಸೋಮವಾರ ಉತ್ತರ ಹೇಳಬೇಕು.

"ಇವತ್ತೂ ಯಾರೂ ಏಳಲಿಲ್ಲಂದ್ರ ಮುಗೀತ್ರಿ. ಬರೇ ಉಪ್ಪಿಟ್ಟ ತಿನ್ನಸಾಕ ನಾನ್ಯಾಕ ಬೇಕು?" ಎನ್ನುವಾಗ ಸುಕನ್ಯಾ ನಗುತ್ತಾರೆ. ಆದರೆ ಬಾಗಿಲ ಕಡೆ ನೋಡುವುದನ್ನು ಬಿಡುವುದಿಲ್ಲ.

ಏಳೂವರೆಗೆ ಕುರ್ಚಿಗಳು ತುಂಬುತ್ತವೆ. ಹುಲಗಪ್ಪ ಬಂದು ಬಾಗಿಲ ಸಮೀಪ ತಲೆ ತಗ್ಗಿಸಿ ಕೂಡುತ್ತಾರೆ. ಶಿದ್ದಪ್ಪ ಅತ್ತ ತಿರುಗಿಯೂ ನೋಡುವುದಿಲ್ಲ. ತಿಂಡಿಯ ತಾಟುಗಳು ಖಾಲಿಯಾಗುತ್ತವೆ. ಯಾರು ಮಾತಾಡುತ್ತೀರಿ ಎಂದು ಸುಕನ್ಯಾ ಕೇಳುತ್ತಾರೆ. ಎಲ್ಲರೂ ಖಾಲಿ ತಾಟು ನೋಡುತ್ತಾರೆ. ಆಗ ಮೆಟ್ಟಿಲೇರಿ ಏದುಸಿರು ಬಿಡುತ್ತಾ ಬಂದವರು ಸತ್ಯವ್ವ. ಐವತ್ತು ದಾಟಿದ ಹೆಂಗಸು, ಸಭೆಯಲ್ಲಿ ಇದುವರೆಗೆ ಒಂದು ಮಾತೂ ಆಡಿದವರಲ್ಲ. ಕೂಡದೆ ನಿಂತೇ ಶುರು ಮಾಡುತ್ತಾರೆ.

"ನಾ ಹುಲಗಪ್ಪನವರ ಬಗ್ಗೆ ಹೇಳಬೇಕಾಗೈತ್ರಿ. ಬರಣಿ ಒಡದದ್ದು ಎಲ್ಲಾರಿಗೂ ಗೊತ್ತೈತಿ. ಮುಂದಿಂದು ಗೊತ್ತಿಲ್ಲ. ಇವರು ಅವತ್ತ ಸಂಜಿಕ ನಮ್ಮ ಮನಿಗೆ ಬಂದ್ರು. ರಟ್ಟಿನ ಹಾಳಿ ಹಸಿ ಇತ್ತು, ಗಡಿಬಿಡಿ ಮಾಡಿ ಅಂಟಿಸಿದ್ನಿ, ತಪ್ಪು ನಂದ ಅಂದ್ರು. ಹೊಸಾ ಬಾಕ್ಸ್ ತಂದು ನಮ್ಮ ಅಂಗಳದಾಗ ಬೋರಲ ಹಾಕಿ, ತಾವ ಅದರ ಮ್ಯಾಲ ಹತ್ತಿ ನಿಂತ್ರು."

ಎಲ್ಲರ ಕಣ್ಣೂ ಹುಲಗಪ್ಪನವರ ದುಂಡನೆಯ ಹೊಟ್ಟೆಯ ಮೇಲೆ ಹೋಗುತ್ತದೆ. ಯಾರೋ ನಗು ತಡೆಯುತ್ತಾರೆ.

"ನಗಬ್ಯಾಡ್ರಿ, ಬಾಕ್ಸ್ ಬಗ್ಗಲಿಲ್ಲ. ಆಮ್ಯಾಲ ಅದರಾಗ ಎರಡ ಸಲ ಮಾಲ ಹೋತು, ಒಂದ ಬರಣಿ ಸೈತ ಸೀಳಲಿಲ್ಲ. ಅದನ್ನ ನೋಡಿ ಹೇಳೂಣಂತ ಇಷ್ಟ ದಿನಾ ನಾ ಬಂದಿದ್ದಿಲ್ಲ. ತಪ್ಪು ಮಾಡದವರು ನನಗ ಇನ್ನೂ ಭೆಟ್ಟಿ ಆಗಿಲ್ರಿ. ತಪ್ಪಾತು ಅಂತ ಬಾಗಲಕ್ಕ ಬಂದವರು ಇವರೊಬ್ಬರ. ಶಿದ್ದಪ್ಪಣ್ಣಾ, ನೀವು ಹೇಳಿದ್ದು ಸುಳ್ಳಾಗಿಲ್ಲ."

ಶಿದ್ದಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಹುಲಗಪ್ಪ ಮುಖ ಒರೆಸಿಕೊಳ್ಳುತ್ತಾರೆ. ಅಷ್ಟರಲ್ಲಿ ಮೂಲೆಯಿಂದ ಇನ್ನೊಬ್ಬರು ಏಳುತ್ತಾರೆ, ಅವರ ಹಿಂದೆ ಮತ್ತೊಬ್ಬರು. ಸುಕನ್ಯಾ ಚಹಾದ ಲೋಟಗಳನ್ನು ಜೋಡಿಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಿದ್ದಾರೆ. ಅವರ ಕಣ್ಣುಗಳು ತುಂಬಿವೆ.

ಎಲ್ಲರೂ ಇಳಿದುಹೋದ ಮೇಲೆ, ಸೋಮವಾರ ಕಂಪನಿಯವರಿಗೆ ಏನು ಹೇಳುತ್ತೀರಿ ಎಂದು ಕೇಳಿದರೆ ಅವರು ಸ್ಕೂಟರಿನ ಕೀಲಿ ಹುಡುಕುತ್ತಾ ಉತ್ತರಿಸುತ್ತಾರೆ:

"ಸೋಮವಾರ ನನಗ ಪುರಸೊತ್ತಿಲ್ರಿ. ಸತ್ತೂರದಾಗ ಒಬ್ರು ಹೊಸದಾಗಿ ಗಾದಿ ಮಾಡೋ ಕೆಲಸ ಶುರು ಮಾಡ್ಯಾರ. ಅವರಲ್ಲಿ ಹೋಗಿ ನೋಡಿ ಬರೂಣು ಅಂತ ಶಿದ್ದಪ್ಪಾವ್ರು ಅಂದಾರ. ನಾ ಕರದಿದ್ದಿಲ್ಲ. ತಾವ ಕೇಳ್ಯಾರ."