ಫರಸಿಯ ಮೇಲಿನ ಸೀಮೆಸುಣ್ಣ

ಬೇಸಿಗೆಯ ಮಧ್ಯಾಹ್ನ ಶಹಾಬಾದಿ ಫರಸಿಗೆ ಬೆನ್ನು ಹಚ್ಚಿ ಮಲಗದವನು ಸ್ವರ್ಗದ ವಿಚಾರ ಮಾತನಾಡಬಾರದು ಎಂಬುದು ನನ್ನ ಸ್ವಾನುಭವಸಿದ್ಧ ಸಿದ್ಧಾಂತ. ಚಿತ್ತಾಪುರದ ನಮ್ಮ ಪಡಸಾಲೆಯ ತುಂಬ ಆ ಬೂದುಗಪ್ಪು ಹಾಸುಗಲ್ಲು ತಂಪಾಗಿ ಹರಡಿಕೊಂಡಿದೆ. ಮುಖ್ಯೋಪಾಧ್ಯಾಯ ಪದವಿಯಿಂದ ನಿವೃತ್ತನಾದ ಮೇಲೆ ನಾನು ನಿಷ್ಠೆಯಿಂದ ನಿರ್ವಹಿಸುತ್ತಿರುವ ಏಕೈಕ ಕರ್ತವ್ಯವೆಂದರೆ ಅದರ ಮೇಲೆ ಶಯನ. ನೀವು ಬಂದರೂ ಪಕ್ಕದಲ್ಲಿ ಜಾಗ ಕೊಟ್ಟೇನು.

ತಿಂಗಳಿಗೊಂದು ರವಿವಾರ ಮಾತ್ರ ಈ ಸಾಮ್ರಾಜ್ಯದಿಂದ ನನ್ನನ್ನು ಪದಚ್ಯುತಗೊಳಿಸುವವಳು ಅಣ್ಣನ ಮಗಳು ಶರಣಮ್ಮ. ಸೇಡಂ, ವಾಡಿ, ಶಹಾಬಾದ, ಚಿಂಚೋಳಿಗಳಿಂದ ತರುಣ ತರುಣಿಯರು ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಬಂದು ಪಡಸಾಲೆ ತುಂಬುತ್ತಾರೆ. ಅವಳ ಉದ್ಯೋಗಕ್ಕೆ ಡೆವಲಪರ್ ರಿಲೇಶನ್ಸ್ ಎಂದು ಹೆಸರಂತೆ. ಓಣಿಯವರು ಕೇಳಿದಾಗ "ಕಂಪ್ಯೂಟರಿನಾಗ ಏನೋ ಭಾಳ ದೊಡ್ಡದು" ಎಂದು ನಾನು ಬಹುಕಾಲ ಜಾರಿಕೊಂಡೆ. ಅರ್ಥವಾದದ್ದು ನಿಧಾನಕ್ಕೆ: ಅವಳ ಕಂಪನಿ ಆ್ಯಪ್ ಕಟ್ಟುವ ಸಲಕರಣೆ ಮಾಡುತ್ತದೆ, ಈ ಮಕ್ಕಳು ಅದನ್ನು ಬಳಸಿ ಆ್ಯಪ್ ಕಟ್ಟುತ್ತಾರೆ, ಇವಳು ನಡುವೆ ಕೂತು ಅವರಿಗೆ ಕಲಿಸುತ್ತಾಳೆ ಮತ್ತು ಅವರ ತಕರಾರನ್ನು ಕಂಪನಿಗೆ ಮುಟ್ಟಿಸುತ್ತಾಳೆ. ಲಗ್ನದ ಮಾತುಕತೆಯಲ್ಲಿ ಎರಡೂ ಕಡೆಯ ಬೀಗರಿಂದ ಬೈಸಿಕೊಳ್ಳುವ ಹಿರಿಯನ ಕೆಲಸ ಅದು. ಪುಕ್ಕಟೆ ಒಲಿದ ಪಟ್ಟವೂ ಅಲ್ಲ. ಸೇಡಂನ ಝೆರಾಕ್ಸ್ ಅಂಗಡಿಯೊಂದರಲ್ಲಿ ದುಡಿಯುತ್ತ, ಮುಖಪರಿಚಯವಿಲ್ಲದವರು ಅಂತರ್ಜಾಲದಲ್ಲಿ ಕೇಳಿದ ಪ್ರಶ್ನೆಗಳಿಗೆ, ಯಾರೂ ಹೇಳದಿದ್ದರೂ, ವರ್ಷಗಟ್ಟಲೆ ತಿಳಿಯಾಗಿ ಉತ್ತರ ಬರೆದಳು. ಆ ಉತ್ತರಗಳನ್ನು ಓದಿಯೇ ಕಂಪನಿಯವರು ಅವಳನ್ನು ಕರೆದದ್ದು.

ಹೋದ ತಿಂಗಳ ಕೂಟಕ್ಕೆ ನಮ್ಮೂರಿನ ನಸ್ರೀನ್, ನನ್ನ ಹಳೆಯ ವಿದ್ಯಾರ್ಥಿನಿ, ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ನಮ್ಮಲ್ಲಿ ನಳದ ನೀರು ಯಾವ ಓಣಿಗೆ ಯಾವಾಗ ಬರುತ್ತದೆಂಬುದು ಬ್ರಹ್ಮಜ್ಞಾನಕ್ಕಿಂತ ದುರ್ಲಭ. ಅದಕ್ಕಾಗಿ ಅವಳೊಂದು ಆ್ಯಪ್ ಮಾಡಿದ್ದಳು. ನೀರು ಕಂಡವರು ಗುಂಡಿ ಒತ್ತಿದರೆ ಸಾಕು, ಆ ಓಣಿಯ ಮೊಬೈಲುಗಳಿಗೆಲ್ಲ "ನಳ ಬಂತು" ಎಂಬ ಸಂದೇಶ. ಒಂದು ವಾರದಿಂದ ಅದಕ್ಕೇನಾಯಿತೋ, ಒಂದು ಓಣಿಗೆ ನೀರು ಬಂದರೆ ಊರಿಗೆ ಊರೇ ಕೊಡ ಹಿಡಿದು ಓಡುತ್ತಿತ್ತು. ಟವೆಲ್ಲು ಸುತ್ತಿಕೊಂಡು, ಬಕೆಟ್ ಸಮೇತ ಓಡಿ ಒಣ ನಳದ ಮುಂದೆ ನಿಂತವರಲ್ಲಿ ಈ ಮಹಾಶಯನೂ ಒಬ್ಬ. ಆ ಅವಮಾನದ ಉರಿಗೆ ನಡು ಓಣಿಯಲ್ಲಿ ಹುಡುಗಿಯನ್ನು ತಡೆದು, "ಬರದಿದ್ರ ಯಾಕ ಮಾಡ್ತೀಯವ್ವಾ ಇಂಥಾವೆಲ್ಲಾ?" ಎಂದು ಮಾಸ್ತರಿಕೆ ಬೇರೆ ಮಾಡಿದ್ದೆ.

"ಇವತ್ತ ಬಂದ್ ಮಾಡ್ತೀನ್ರಿ ಅಕ್ಕಾ. ಇದು ನನ್ನ ಕೈಲೆ ಆಗಂಗಿಲ್ಲ," ಎಂದಳು ನಸ್ರೀನ್.

ತೋರಿಸು ನೋಡೋಣ ಎಂದು ಶರಣಮ್ಮ ಪ್ರೊಜೆಕ್ಟರ್ ಹಚ್ಚುವಷ್ಟರಲ್ಲಿ ಕರೆಂಟ್ ಹೋಯಿತು. "ಕಾಕಾ, ಖಡು ಅದಾವೇನ್ರಿ?" ಎಂದು ನನ್ನತ್ತ ಕೈ ಚಾಚಿದಳು. ನಿವೃತ್ತಿಯ ನಂತರವೂ ಜೋಪಾನ ಮಾಡಿಟ್ಟಿದ್ದ ಸೀಮೆಸುಣ್ಣದ ಡಬ್ಬಿ ಕೊಟ್ಟೆ. ಸಂದೇಶ ಹೋಗುವ ದಾರಿಯನ್ನು ನಸ್ರೀನಳೇ ಬಗ್ಗಿ ಫರಸಿಯ ಮೇಲೆ ಬರೆಯುತ್ತ ಹೋದಳು. ಹಿಂದಿನ ಬೆಂಚೇ ಇಲ್ಲದ ಆ ತರಗತಿಯಲ್ಲಿ ಎಲ್ಲರೂ ಮೊಣಕಾಲೂರಿ ಸುತ್ತ ಕೂತರು. ಒಂದು ತಿರುವಿನಲ್ಲಿ ಶರಣಮ್ಮನ ಬೆರಳು ನಿಂತಿತು. ಅಲ್ಲಿ ಕಂಪನಿಯ ಹೊಸ ಪದ್ಧತಿ ಓಣಿಯ ಹೆಸರನ್ನು ಸದ್ದಿಲ್ಲದೆ ಕೈಬಿಟ್ಟು, ಸಂದೇಶವನ್ನು ಊರಿಗೆಲ್ಲ ಕಳಿಸುತ್ತಿತ್ತು. ಆ ಪದ್ಧತಿಯನ್ನು ಹಿಂದಿನ ಕೂಟದಲ್ಲಿ ಹೊಗಳಿ ಹೊಗಳಿ ಕಲಿಸಿದವಳು ಸ್ವತಃ ಶರಣಮ್ಮ. ನಂಬಿ ವಾರದ ಹಿಂದೆ ಅಳವಡಿಸಿಕೊಂಡವಳು ನಸ್ರೀನ್.

ಶರಣಮ್ಮ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹುಡುಗಿ ಆ್ಯಪ್ ಮುಚ್ಚಿ ಮನೆಗೆ ಹೋಗುತ್ತಿದ್ದಳು, ಅಷ್ಟೇ. ಶರಣಮ್ಮ ಸೀಮೆಸುಣ್ಣ ತೆಗೆದುಕೊಂಡು ಆ ತಿರುವಿನಲ್ಲಿ ದೊಡ್ಡದಾಗಿ ಬರೆದಳು: ತಪ್ಪು ನಂದು.

"ಹೀಂಗ ಮಾಡ್ರಿ ಅಂತ ಹೇಳಿಕೊಟ್ಟಾಕಿ ನಾನು, ನಸ್ರೀನ್. ಪೂರಾ ನೋಡಲಾರದ ಹೇಳಿದೆ." ಅಲ್ಲೇ ಎಲ್ಲರೆದುರು ಕಂಪನಿಗೆ ಫೋನು ಹಚ್ಚಿ ಅದನ್ನೇ ಹೇಳಿದಳು.

"ಅವರು ಬೈತಾರೇನವ್ವಾ?" ಎಂದೆ ಅಳುಕಿನಿಂದ.

"ಬೈಲಿ ಬಿಡ್ರಿ ಕಾಕಾ. ಇವರ ನಂಬಿಕಿ ಹೋದ್ರ ನನ್ನ ನೌಕರಿ ಯಾತಕ್ಕ ಬೇಕು?"

ನನ್ನ ಎದೆ ತುಂಬಿ ಬಂತು, ಕಿವಿಯೂ ಬಿಸಿಯಾಯಿತು. ಕರಿಹಲಗೆಯ ಮೇಲಿನ ನನ್ನ ಲೆಕ್ಕದಲ್ಲಿ ಮಕ್ಕಳು ತಪ್ಪು ಹಿಡಿದಾಗಲೆಲ್ಲ, "ನಿಮ್ಮ ಲಕ್ಷ್ಯ ಎಲ್ಲಿದೆ ನೋಡೋಣ ಅಂತ ಬೇಕಂತಲೇ ಮಾಡಿದ್ದು" ಎಂದು ದಬಾಯಿಸಿ ಸೇವಾವಧಿ ಮುಗಿಸಿದ ಪುಣ್ಯಾತ್ಮ ನಾನು.

ನಾಲ್ಕು ದಿನದಲ್ಲಿ ಕಂಪನಿ ದೋಷ ಸರಿಪಡಿಸಿತು. ನಸ್ರೀನ್ ಆ್ಯಪ್ ಮುಚ್ಚಲಿಲ್ಲ. ಮನೆಯಲ್ಲಿ ತೊಳೆಯುವಷ್ಟು ನೀರಿಲ್ಲದ್ದರಿಂದ ಫರಸಿಯ ಮೇಲಿನ ಅಕ್ಷರಗಳು ಹಾಗೇ ಉಳಿದಿದ್ದವು; ಅವನ್ನು ತಪ್ಪಿಸಿ ಮಗ್ಗುಲಾಗಿ ಮಲಗುತ್ತಿದ್ದೆ. ಐದನೆಯ ದಿನ ಮೊಬೈಲು "ನಳ ಬಂತು" ಎಂದಿತು. ನಾನು ನಂಬದೆ ಬಿದ್ದುಕೊಂಡೆ. ನನ್ನ ಹೆಂಡತಿ ನಂಬಿ ಓಡಿದಳು. ಬಂದಿತ್ತು. ಕೊಡ, ಹಂಡೆ ಎಲ್ಲ ತುಂಬಿದ ಮೇಲೆ ಒಂದು ಬಕೆಟ್ ತಂದು ನನ್ನನ್ನೆಬ್ಬಿಸಿ ಪಡಸಾಲೆಗೆ ಸುರಿದಳು. ಆ ಎರಡು ಶಬ್ದಗಳು ಬೆಳ್ಳಗೆ ಕರಗಿ ಬಚ್ಚಲಿನತ್ತ ಹರಿದವು. ನಾನು ಅಂಗಿ ತೊಟ್ಟು ನಸ್ರೀನಳ ಮನೆಗೆ ಹೋದೆ.

"ಅವತ್ತ ಓಣಿಯಾಗ ನಿನಗ ಬೈದೆನಲ್ಲವ್ವಾ, ತಪ್ಪು ನಂದು."

ಹುಡುಗಿ ಗಾಬರಿಯಾಗಿ ಬಾಗಿಲು ಹಿಡಿದು ನಿಂತಳು. ಆಮೇಲೆ ಕೇಳಿದಳು: "ಅದಿರಲ್ರಿ ಸರ್, ನೀರು ತುಂಬಿಕೊಂಡ್ರೇನು?"

ಮನೆಗೆ ಬಂದು, ಇನ್ನೂ ಒದ್ದೆಯಿದ್ದ ಫರಸಿಗೆ ಬೆನ್ನು ಹಚ್ಚಿದೆ. ಈ ಸಲ ನಡುಮಧ್ಯದಲ್ಲಿ, ಅಂಗಾತ.